ನೀರು ಮುಟ್ಟದ ಓಟ

ಇಪ್ಪತ್ತು ದಾಟುವ ಮೊದಲೇ ನನಗೆ ಮುದುಕನ ಕಾಲು ಬಂದಿತ್ತು. ತಮಾಷೆಗೆ ಹೇಳುತ್ತಿಲ್ಲ. ಬೆಳಿಗ್ಗೆ ಚಾಪೆಯಿಂದ ಏಳುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದೆ. ಹಿಂದಿನ ವರ್ಷ ಸಕಲೇಶಪುರ ತಾಲ್ಲೂಕಿನ ಕ್ರೀಡಾಕೂಟದಲ್ಲಿ ಮೂರು ಮೈಲಿ ಓಟಕ್ಕೆ ಮೊದಲನೆಯವನಾಗಿ ಬಂದವನು ಇವನೇ ಎಂದು ಯಾರಾದರೂ ನನ್ನನ್ನು ತೋರಿಸಿದ್ದರೆ, ಸುಮ್ಮನಿರ್ರಿ ಸಾಕು ಎಂದು ನಾನೇ ಬೈದು ಕಳಿಸುತ್ತಿದ್ದೆ.

ಅರವತ್ತರ ದಶಕ ಆಗಿನ್ನೂ ಶುರುವಾಗಿತ್ತಷ್ಟೆ. ನಮ್ಮದು ಹೆತ್ತೂರು ಕಡೆಯ ಒಂದು ಹಳ್ಳಿ. ಒಂದಿಷ್ಟು ಗದ್ದೆ, ಅದಕ್ಕಿಂತ ಕಡಿಮೆ ಕಾಫಿ. ಹೈಸ್ಕೂಲಿಗೆಂದು ಸಕಲೇಶಪುರದ ನೆಂಟರ ಮನೆಯಲ್ಲಿದ್ದಾಗ ಅಲ್ಲಿನ ಡ್ರಿಲ್ ಮೇಷ್ಟ್ರು ನನ್ನ ಓಟ ನೋಡಿ ಹುಚ್ಚು ಹಿಡಿಸಿಬಿಟ್ಟರು. ಓದು ಮುಗಿಸಿ ಊರಿಗೆ ಬಂದರೂ ಹುಚ್ಚು ಬಿಡಲಿಲ್ಲ. ತಾಲ್ಲೂಕಿನಲ್ಲಿ ಗೆದ್ದು ಹಾಸನದ ಜಿಲ್ಲಾ ಕೂಟಕ್ಕೆ ಹೋದವನು ಅರ್ಧ ಓಟದಲ್ಲೇ ಕುಸಿದು ಕೂತೆ. ಅಲ್ಲಿ ಮೊದಲ ಇಬ್ಬರಲ್ಲಿ ಒಬ್ಬನಾದರೆ ಮೈಸೂರಿಗೆ ಹೋಗಬಹುದಿತ್ತು. ಅಪ್ಪ ಬೈಯಲಿಲ್ಲ. "ಇನ್ನೊಂದು ವರ್ಷ ನೋಡು. ಆಗ್ಲಿಲ್ಲ ಅಂದ್ರೆ ಚಡ್ಡಿ ಮಡಚಿಟ್ಟು ಗದ್ದೆಗಿಳಿ," ಎಂದರು, ಅಷ್ಟೆ. ಅಪ್ಪ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ನನಗೆ ಬದುಕಿನಲ್ಲಿ ಆಗ ಬೇಕಾಗಿದ್ದದ್ದು ಅದೊಂದೇ. ಮಳೆಗಾಲ ಮುಗಿಯುವುದರೊಳಗೆ ನನ್ನ ಕಾಲು ನನಗೆ ವಾಪಸ್ ಬರಬೇಕಿತ್ತು.

ಓಡಿದ ಮೇಲೆ ಆಗುವ ಸುಸ್ತು ನನಗೆ ಗೊತ್ತಿಲ್ಲದ್ದೇನಲ್ಲ. ಒಂದು ತಂಬಿಗೆ ಮಜ್ಜಿಗೆ ಕುಡಿದು ನಿದ್ದೆ ತೆಗೆದರೆ ಹೋಗುವಂಥದ್ದು ಅದು. ಇದು ಬೇರೆ ಜಾತಿಯದು. ಮಲಗಿ ಎದ್ದರೂ ಇರುತ್ತಿತ್ತು, ಉಂಡರೂ ಇರುತ್ತಿತ್ತು. ಬೇಸಿಗೆಯಲ್ಲಿ ಸ್ವಲ್ಪ ವಾಸಿ ಅನ್ನಿಸಿತ್ತು. ಮಳೆ ಹಿಡಿದದ್ದೇ ತಡ, ಮತ್ತೆ ಮೈಯೆಲ್ಲ ಒದ್ದೆ ಕಂಬಳಿಯಂತೆ ಭಾರವಾಯಿತು. ಸಿಟ್ಟು ಬೇರೆ ಮೂಗಿನ ತುದಿಯಲ್ಲೇ. ಎಮ್ಮೆ ಕೂಗಿದರೂ ಎಮ್ಮೆಯ ಮೇಲೆ ಹರಿಹಾಯುತ್ತಿದ್ದೆ.

ಕಾರಣ ಹೇಳುವವರಿಗೇನು ಬರವೇ! ಅವ್ವನ ಪ್ರಕಾರ ಅದು ಕಣ್ಣುದೃಷ್ಟಿ. "ಅಷ್ಟು ಜನದ ಎದ್ರಿಗೆ ತೊಡೆ ಕಾಣಂಗೆ ಚಡ್ಡಿ ಹಾಕ್ಕಂಡು ಓಡಿದ್ರೆ ಕಣ್ಣು ಬೀಳ್ದೆ ಇರ್ತೈತಾ?" ಎಂದು ಉಪ್ಪು, ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ದೃಷ್ಟಿ ಇದ್ದರೆ ಮೆಣಸಿನಕಾಯಿ ಘಾಟು ಬರಬಾರದು. ಬಂದ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುತ್ತಾ ಅಂಗಳಕ್ಕೆ ಓಡಿದೆವು. ಅವ್ವ ಸೋಲೊಪ್ಪಲಿಲ್ಲ, ಮೆಣಸಿನಕಾಯಿ ಹೊಸದು ಅಂದಳು. ಅಪ್ಪನ ಗುಮಾನಿ ಕಾಫಿಯ ಮೇಲೆ. ಕಾಫಿ ಬೆಳೆಯುವವರ ಮನೆಯಲ್ಲಿ ನನಗೊಬ್ಬನಿಗೆ ಕಾಫಿ ನಿಂತಿತು. ಡ್ರಿಲ್ ಮೇಷ್ಟ್ರಂತೂ ಇದು ಶುದ್ಧ ಸೋಮಾರಿತನ, ಇನ್ನೂ ಹೆಚ್ಚು ಓಡು ಎಂದರು. ಅವರ ಮಾತು ಕೇಳಿ ಹೆಚ್ಚು ಓಡಿದೆ. ಆಮೇಲೆ ಎರಡು ದಿನ ಅನ್ನದ ತುತ್ತು ಎತ್ತಲೂ ಬೇಜಾರಾಯಿತು.

ಇನ್ನೊಬ್ಬರ ವಿಷಯ ಹೇಳಬೇಕು. ಸಕಲೇಶಪುರದಲ್ಲಿ ಒಬ್ಬ ಸಾಹೇಬರಿದ್ದರು, ಸ್ವಂತ ಲಾರಿ ಇಟ್ಟುಕೊಂಡು ಎಸ್ಟೇಟುಗಳಿಂದ ಕಾಫಿ ಮೂಟೆ ಸಾಗಿಸುತ್ತಿದ್ದವರು. ನನ್ನನ್ನು ಮೊದಲ ಸಲ ಹಾಸನಕ್ಕೆ ಕರೆದುಕೊಂಡು ಹೋದದ್ದು ಅವರೇ, ಮೂಟೆಗಳ ಮೇಲೆ ಕೂರಿಸಿಕೊಂಡು. ನಾನು ಕುಸಿದು ಕೂತಾಗ ಮೈದಾನದೊಳಗೆ ನುಗ್ಗಿ ಎತ್ತಿಕೊಂಡವರೂ ಅವರೇ. ಚಾ ಅಂದರೆ ಅವರಿಗೆ ಪ್ರಾಣ. ಖುಷಿಗೂ ಚಾ, ಜಗಳಕ್ಕೂ ಚಾ. ದಾರಿಯಲ್ಲಿ ಚಾದಂಗಡಿ ಕಂಡರೆ ಲಾರಿ ತಾನಾಗಿ ನಿಲ್ಲುತ್ತದೆ ಎಂದು ನಾವು ಆಡಿಕೊಳ್ಳುತ್ತಿದ್ದೆವು.

ಆ ಮಳೆಗಾಲದಲ್ಲೇ ಒಂದು ದಿನ ಆಲೂರು ಕಡೆಯ ಹಳ್ಳಿಗೆ ಹೋಗಿ ಸಾವಿನ ಸುದ್ದಿ ಮುಟ್ಟಿಸಿ ವಾಪಸ್ ಬರುತ್ತಿದ್ದೆ. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮೂರಲ್ಲಿ ಯಾರಾದರೂ ತೀರಿಕೊಂಡರೆ ನೆಂಟರಿಗೆಲ್ಲ ಆಳು ಹೋಗಿಯೇ ಹೇಳಬೇಕು. ಮಳೆ ಹಿಡಿದರೆ ಬಸ್ಸೂ ಇಲ್ಲ, ಆ ಕಾಡುಹಳ್ಳಿಗಳಿಗೆ ತಂತಿಯೂ ಇಲ್ಲ. ಮೊದಲು ಈ ಕೆಲಸವನ್ನು ಊರಿನವರು ಒಂದು ಮನೆತನದ ತಲೆಗೆ ಕಟ್ಟಿದ್ದರು. ಅವರು ಎಸ್ಟೇಟಿನ ಕೂಲಿ ಲೈನಿನ ಮನೆಗಳಿಗೆ ಹೋಗಿ ಸೇರಿಕೊಂಡು, ಇನ್ನು ನಾವು ಹೋಗುವುದಿಲ್ಲ ಅಂದುಬಿಟ್ಟರು. ಅಂದದ್ದು ಸರಿಯಾಗೇ ಇತ್ತು. ಆಮೇಲೆ ಯಾರ ಮನೆಯಲ್ಲಿ ಸಾವಾದರೂ ನಮ್ಮ ಬಾಗಿಲಿಗೆ ಬರತೊಡಗಿದರು. "ಹೆಂಗೂ ಓಡ್ತೀಯಲ್ಲ ಮಗ, ಒಂದೆಜ್ಜೆ ಹೋಗ್ಬುಟ್ಟು ಬಾ." ಮಲೆನಾಡಿನ ಮಳೆಗಾಲ ವಯಸ್ಸಾದವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ದುಃಖದಲ್ಲಿ ಬಂದವರಿಗೆ ಆಗುವುದಿಲ್ಲ ಅನ್ನುವುದಾದರೂ ಹೇಗೆ? ಕಂಬಳಿ ಕೊಪ್ಪೆ ಹಾಕಿಕೊಂಡು ಹೊರಟುಬಿಡುತ್ತಿದ್ದೆ.

ಇದಕ್ಕೊಂದು ಕಟ್ಟುಪಾಡಿತ್ತು. ಸಾವಿನ ಸುದ್ದಿ ಹೊತ್ತವನು ಹೊರಟಾಗಿನಿಂದ ವಾಪಸ್ ಬಂದು ಸ್ನಾನ ಮಾಡುವವರೆಗೆ ಅನ್ನ ನೀರು ಮುಟ್ಟುವಂತಿಲ್ಲ. ಸುದ್ದಿ ಹೇಳಿದ ಮನೆಯ ಹೊಸಿಲು ದಾಟುವಂತಿಲ್ಲ. ಅಂಗಳದಲ್ಲಿ ನಿಲ್ಲಬೇಕು. ಅವರು ವಾಡಿಕೆಯಂತೆ ನೀರು ಬೇಕಾ ಅಂತಾರೆ, ನಾವು "ನೀರೂ ಬ್ಯಾಡ" ಅನ್ನಬೇಕು. ಅಷ್ಟು ಅಂದರೆ ಸಾಕು, ಆ ಮನೆಯವರಿಗೆ ಅರ್ಥವಾಗಿ ಅಳು ಶುರುವಾಗುತ್ತಿತ್ತು. ಯಾರು ಎಂದು ಮಾತ್ರ ಆಮೇಲೆ ಹೇಳುತ್ತಿದ್ದೆ.

ಹಾಗೆ ಬರುತ್ತಿರುವಾಗ ಸಾಹೇಬರ ಲಾರಿ ಎದುರಾಯಿತು. ಚಾದಂಗಡಿಯೂ ಹತ್ತಿರವೇ ಇತ್ತು. ಎರಡು ಗ್ಲಾಸ್ ಹೇಳಿದರು. ನಾನು ವಿಷಯ ತಿಳಿಸಿ ಬೇಡ ಅಂದೆ. ಅವರಿಗೆ ಎಲ್ಲಿಲ್ಲದ ಸಿಟ್ಟು.

"ಎಂಥಾ ಮಾರಾಯ! ಸತ್ತೋರು ಸತ್ರು, ಇದ್ದೋನ್ನ ಯಾಕೆ ಸಾಯಿಸ್ತಾರೆ? ರಂಜಾನಿಗೆ ನಾವೂ ರೋಜಾ ಇಡ್ತೀವಿ ಕಣೋ, ಉಪವಾಸ. ರೋಜಾ ಇಟ್ಕೊಂಡು ಗುಡ್ಡ ಹತ್ತಿ ಇಳಿದು ಓಡಲ್ಲ!"

ನಾನು ಜಗ್ಗಲಿಲ್ಲ. ಎರಡೂ ಗ್ಲಾಸನ್ನು ಅವರೇ ಕುಡಿದು, ದಾರಿಯುದ್ದಕ್ಕೂ ಗೊಣಗುತ್ತಾ, ಲಾರಿ ಹೋಗುವಷ್ಟು ದೂರ ತಂದು ಬಿಟ್ಟರು. ಇಳಿಯುವಾಗ ನಾನು ಕಾಲೆಳೆದದ್ದನ್ನು ನೋಡಿರಬೇಕು. ಅದೇ ವಾರ ನನ್ನನ್ನು ಸಕಲೇಶಪುರದ ಡಾಕ್ಟರ ಮುಂದೆ ಕೂರಿಸಿದರು.

ಡಾಕ್ಟರು ಒಳ್ಳೆಯ ಮನುಷ್ಯ. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು, ಹೊಟ್ಟೆ ಒತ್ತಿದರು, ಚಳಿಜ್ವರ ಬಂದಿತ್ತಾ ಕೇಳಿದರು. ಬರಿಗಾಲಲ್ಲಿ ತೋಟ ತಿರುಗುವವರಿಗೆಲ್ಲ ಇರುವಂತೆ ಹೊಟ್ಟೆಯಲ್ಲಿ ಕೊಕ್ಕೆಹುಳು ಇರಬಹುದು, ಅದು ರಕ್ತ ಹೀರುತ್ತದೆ, ರಕ್ತ ಕಡಿಮೆಯಾದರೆ ಓಡುವವನಿಗೆ ಉಸಿರೂ ಸಾಲದು, ಕಾಲೂ ಏಳದು ಎಂದು ತಾಳ್ಮೆಯಿಂದ ಬಿಡಿಸಿ ಹೇಳಿದರು. ಕೊನೆಗೆ, "ದಿನಕ್ಕೆ ಎಷ್ಟು ಓಡ್ತೀಯಪ್ಪಾ?" ಅಂದರು.

"ಬೆಳಿಗ್ಗೆ ಒಂದು ಮೈಲಿ, ಸಂಜೆ ಒಂದು ಮೈಲಿ ಸಾರ್."

"ಅದೇನೂ ಜಾಸ್ತಿ ಅಲ್ಲ," ಅಂದರು. ಹುಳುವಿನ ಔಷಧಿ ಕೊಟ್ಟರು, ಕಬ್ಬಿಣದ ಟಾನಿಕ್ ಬರೆದುಕೊಟ್ಟರು. ಎರಡನ್ನೂ ತಪ್ಪದೆ ಕುಡಿದೆ. ಹೊಟ್ಟೆ ತೊಳೆದುಹೋಯಿತು, ಮುಖಕ್ಕೂ ಒಂಚೂರು ಕಳೆ ಬಂತು. ಕಾಲು ಮಾತ್ರ ಇದ್ದ ಹಾಗೇ ಇತ್ತು.

ಎರಡನೇ ಸಲ ಡಾಕ್ಟರ ಹತ್ತಿರ ಹೊರಟಾಗ ಅಜ್ಜಿ ನಾನೂ ಬರ್ತೀನಿ ಅಂದಳು. ಅಪ್ಪನ ತಾಯಿ. ಹಲ್ಲು ಹೋಗಿದ್ದರೂ ಬಾಯಿ ಹೋಗಿರಲಿಲ್ಲ. ಮನೆಯಲ್ಲಿ ಅವಳ ಪಾಲಿನ ಕೆಲಸವೆಂದರೆ ಬಚ್ಚಲೊಲೆ. ಹಂಡೆಯಲ್ಲಿ ನೀರು ಕಾಯಿಸುವುದು, ಸೌದೆ ಒಟ್ಟಿಲು ಕಾಯುವುದು. ಅವಳನ್ನು ಕೇಳದೆ ಒಂದು ಸೌದೆ ಎಳೆದರೂ ಏಳು ತಲೆಮಾರು ಎತ್ತಿ ಬೈಯುತ್ತಿದ್ದಳು. ಲಾರಿಯಲ್ಲಿ ಬಾಗಿಲಿನ ಹಿಡಿ ಬಿಡದೆ ಕೂತು ಸಾಹೇಬರಿಗೇ ಲಾರಿ ಓಡಿಸುವುದು ಹೇಗೆಂದು ಹೇಳಿಕೊಟ್ಟಳು. ಅವರು ನಗುತ್ತಾ, "ಆಗ್ಲಿ ಅಜ್ಜಿ, ಆಗ್ಲಿ ಅಜ್ಜಿ," ಅನ್ನುತ್ತಿದ್ದರು.

ಡಾಕ್ಟರು ಮತ್ತೆ ಅದೇ ಪ್ರಶ್ನೆ ಕೇಳಿದರು. ನಾನು ಮತ್ತೆ ಅದೇ ಉತ್ತರ ಕೊಟ್ಟೆ. ಅಜ್ಜಿ ಬೆಂಚಿನಿಂದ ಎದ್ದು ನಿಂತಳು.

"ಎಲ್ಡೇ ಮೈಲೀನಾ? ಅಂಗಾರೆ ನನ್ನ ಸೌದೆ ಯಾರ್ಲಾ ತಿಂದ್ರು?"

ಡಾಕ್ಟರು ತಬ್ಬಿಬ್ಬಾದರು. "ಸೌದೆ ಏನಜ್ಜಮ್ಮಾ?"

"ಅಲ್ಲ ಕಣ್ ಡಾಕ್ಟ್ರಪ್ಪ, ಸಾವು ಹೇಳಿ ಬಂದೋನು ಮೈ ತೊಳೀದೆ ಒಳಿಕ್ ಬರಂಗಿಲ್ಲ. ಬಂದಾಗಲೆಲ್ಲ ಇವ್ನಿಗೆ ಹಂಡೆ ನೀರು ಕಾಯ್ಸೋಳು ನಾನು. ದೀಪಾವಳಿಗಂಟ ಬರ್ಲಿ ಅಂತ ಒಟ್ಟಿದ್ದ ಸೌದೆ ಶ್ರಾವಣ ಹುಟ್ಟೋದ್ರೊಳಗೆ ನೆಲ ಕಂಡ್ಬುಡ್ತು. ಇವ್ನು ನೋಡಿದ್ರೆ ಎಲ್ಡು ಮೈಲಿ ಅಂತಾನೆ!"

ಡಾಕ್ಟರು ನನ್ನ ಕಡೆ ತಿರುಗಿ ಒಂದೊಂದಾಗಿ ಬಾಯಿ ಬಿಡಿಸಿದರು. ಎಲ್ಲೆಲ್ಲಿಗೆ ಹೋಗಿದ್ದೆ, ಏನು ತಿಂದಿದ್ದೆ, ಯಾವಾಗ ಮಲಗಿದ್ದೆ. ಹೇಳುತ್ತಾ ಹೋದಂತೆ ನನಗೇ ಗಾಬರಿಯಾಯಿತು. ಕೆಲವು ವಾರ ಹಾಸನದ ಮೈದಾನದ ಓಟ ಮಕ್ಕಳಾಟವಾಗುವಷ್ಟು ದೂರ ಓಡಿದ್ದೆ. ಅದೂ ಖಾಲಿ ಹೊಟ್ಟೆಯಲ್ಲಿ, ತೊಟ್ಟು ನೀರಿಲ್ಲದೆ, ಜಿಗಣೆಗಳಿಗೆ ರಕ್ತ ಕೊಟ್ಟುಕೊಂಡು.

"ಇದನ್ನೆಲ್ಲ ಮೊದಲೇ ಯಾಕಯ್ಯಾ ಹೇಳಲಿಲ್ಲ?"

"ಅದು ಓಟ ಅಲ್ವಲ್ಲ ಸಾರ್. ಸುದ್ದಿ ಹೇಳಕ್ಕೆ ಹೋಗಿದ್ದು."

ಸುಳ್ಳು ಹೇಳಿದ್ದಲ್ಲ, ನಿಜಕ್ಕೂ ನನ್ನ ತಲೆಯಲ್ಲಿ ಹಾಗೇ ಇತ್ತು. ಚಡ್ಡಿ ಹಾಕಿಕೊಂಡು ಓಡಿದರೆ ಓಟ, ಕಂಬಳಿ ಹೊದ್ದು ಓಡಿದರೆ ಊರ ಕೆಲಸ. ನಮ್ಮೂರಲ್ಲಿ ಯಾರನ್ನು ಕೇಳಿದರೂ ಇದನ್ನೇ ಅನ್ನುತ್ತಿದ್ದರು. ಡಾಕ್ಟರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. "ಅದು ನಿನ್ನ ಕಾಲಿಗೆ ಹೆಂಗಯ್ಯಾ ಗೊತ್ತಾಗಬೇಕು?" ಅಂದರು. ಆಮೇಲೆ ಗಂಭೀರವಾಗಿ ಹೇಳಿದರು: ಹುಳುವೂ ಇತ್ತು, ರಕ್ತವೂ ಕಡಿಮೆಯಿತ್ತು, ಅದು ಔಷಧಿಗೆ ಸರಿಹೋಗುತ್ತದೆ, ಆದರೆ ದಣಿದ ಮೈಗೆ ಅನ್ನ, ನಿದ್ದೆ ಕೊಡದೆ ಮತ್ತೆ ಮತ್ತೆ ದಣಿಸಿದರೆ ಯಾವ ಟಾನಿಕ್ಕೂ ನಾಟುವುದಿಲ್ಲ. ಒಂದು ತಿಂಗಳು ಒಂದು ಹೆಜ್ಜೆಯೂ ಓಡಕೂಡದು, ಹಸಿದು ಎಲ್ಲಿಗೂ ಹೋಗಕೂಡದು. ಆಮೇಲೆ ಮೆಲ್ಲಗೆ ಶುರು ಮಾಡು. ಹಾಸನದ ಓಟಕ್ಕೆ ಇನ್ನೂ ಎರಡು ತಿಂಗಳಿತ್ತು. ಹಿಂದಿನ ವರ್ಷ ಗೆದ್ದವನೆಂದು ತಾಲ್ಲೂಕಿನವರು ಈ ಸಲವೂ ನನ್ನ ಹೆಸರನ್ನೇ ಕಳಿಸಿದ್ದರು.

"ಓಡದೆ ಇದ್ರೆ ಓಟ ಮರ್ತೋಗಲ್ವಾ ಸಾರ್?" ಅಂದೆ. ಉತ್ತರ ಅಜ್ಜಿಯೇ ಕೊಟ್ಟಳು. "ಮುಚ್ಚಲಾ ಬಾಯಿ."

ಊರಿಗೆ ಬಂದ ಮಾರನೆಯ ದಿನ ಮಳೆ ಬಿಟ್ಟು ಸ್ವಲ್ಪ ಹೊಳವಾದದ್ದೇ ಅಜ್ಜಿ ಕೋಲೂರಿಕೊಂಡು ಹೊರಟಳು. ಒಂದು ಮನೆ ಬಿಡಲಿಲ್ಲ. ನನ್ನನ್ನೂ ಹಿಂದೆ ಕರೆದುಕೊಂಡು ಹೋಗಿದ್ದಳು, ಸವೆದುಹೋದ ಸಾಮಾನು ತೋರಿಸುವವಳಂತೆ. ಎಲ್ಲ ಕಡೆಯೂ ಒಂದೇ ಮಾತು: "ಹಾಸನದ ಓಟ ಮುಗಿಯೋಗಂಟ ಯಾರ ಮನೆ ಸಾವಾದ್ರೂ ಸರಿ, ಈ ಹುಡುಗನ ಕಿವಿಗೆ ಹಾಕ್ಬ್ಯಾಡ್ರಿ."

ಒಬ್ಬ ಗೌಡರು ಮಾತ್ರ, "ಅಂಗಾರೆ ನಮ್ಮ ನೆಂಟ್ರಿಗೆ ಯಾರು ಹೇಳ್ತಾರಮ್ಮ?" ಅಂದರು.

"ನಿಮಗೂ ದೇವ್ರು ಎಲ್ಡು ಕಾಲು ಕೊಟ್ಟವ್ನಲ್ಲ ಗೌಡ್ರೇ," ಅಂದಳು ಅಜ್ಜಿ.

ನನಗೆ ನಾಚಿಕೆಯಿಂದ ಭೂಮಿಗಿಳಿದುಹೋಗುವಂತಾಯಿತು. ಆದರೆ ಆಮೇಲೆ ನಡೆದದ್ದನ್ನು ಇವತ್ತಿಗೂ ಮರೆತಿಲ್ಲ. ಯಾರ ಅತ್ತೆಯ ಸುದ್ದಿ ಹೊತ್ತುಕೊಂಡು ಆಲೂರು ಕಡೆ ಹೋಗಿದ್ದೆನೋ ಆ ಹೆಂಗಸು ಕೋಳಿ ತಂದುಕೊಟ್ಟಳು. ಇನ್ನೊಬ್ಬರು ಮೊಟ್ಟೆ, ಮತ್ತೊಬ್ಬರು ಜೇನು. "ನಮಗೆ ಗೊತ್ತಾಗ್ಲೇ ಇಲ್ವಲ್ಲೋ, ನೀನೂ ಹೇಳ್ಲಿಲ್ವಲ್ಲೋ," ಎಂದು ಅವರೇ ಪೇಚಾಡಿದರು. ಆ ಎರಡು ತಿಂಗಳಲ್ಲಿ ಊರಲ್ಲಿ ಸಾವೇ ಆಗಲಿಲ್ಲ ಎಂದೇನಲ್ಲ. ಎದುರು ಮನೆಯಲ್ಲೇ ಆಯಿತು. ಅಳು ಕೇಳಿದ ತಕ್ಷಣ ನನ್ನ ಕಾಲು ತಾನಾಗಿ ಕಂಬಳಿಯ ಕಡೆ ಹೋಯಿತು. ಅಜ್ಜಿ ಹೊಸಿಲಿನ ಮೇಲೆ ಅಡ್ಡ ಕೂತಿದ್ದಳು. ಆ ಮನೆಯ ಗಂಡುಮಕ್ಕಳು ದಿಕ್ಕಿಗೊಬ್ಬರಂತೆ ನಡೆದುಹೋದರು. ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ.

ತಿಂಗಳಾಗುತ್ತಾ ಬಂದಾಗ ಒಂದು ಬೆಳಿಗ್ಗೆ ಚಾಪೆಯಿಂದ ಎದ್ದು ಅಂಗಳಕ್ಕೆ ಬಂದ ಮೇಲೆ ಹೊಳೆಯಿತು: ಗೋಡೆ ಹಿಡಿದಿರಲೇ ಇಲ್ಲ. ಬಚ್ಚಲಿಗೆ ಓಡಿ ಅಜ್ಜಿಗೆ ಹೇಳಿದೆ. ಅವಳು ಒಲೆ ಊದುತ್ತಿದ್ದವಳು ತಲೆಯನ್ನೂ ಎತ್ತದೆ, "ಸರಿ, ಹೋಗಿ ಹಲ್ಲುಜ್ಜು," ಅಂದಳು. ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಹೊಗೆಗೋ ಏನೋ, ನನಗೆ ಗೊತ್ತಿಲ್ಲ.

ಅಜ್ಜಿ ನಾನು ಓಡುವುದನ್ನು ಒಂದು ಸಲವೂ ನೋಡಿರಲಿಲ್ಲ. ಈ ಸಲ ನೋಡೇ ನೋಡ್ತೀನಿ ಎಂದು ಹಟ ಹಿಡಿದಳು. ಮದುವೆಗೆ ಹೋಗುವಾಗ ಉಡುವ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದಳು. ನಾನು ಹಿಂದಿನ ದಿನವೇ ಬಸ್ಸಿನಲ್ಲಿ ಹಾಸನಕ್ಕೆ ಹೋಗುವುದು, ಸಾಹೇಬರು ನಮ್ಮ ಪಕ್ಕದ ಎಸ್ಟೇಟಿಗೆ ಮೂಟೆಗೆ ಬಂದವರು ಬೆಳಿಗ್ಗೆ ಅಜ್ಜಿಯನ್ನು ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬರುವುದು ಎಂದಾಯಿತು.

ಹಾಸನದ ಮೈದಾನದಲ್ಲಿ ಬಿಸಿಲೇರುತ್ತಿತ್ತು. ಸಾಹೇಬರು ಬಂದರು, ಒಬ್ಬರೇ.

"ಅಜ್ಜಿ ಎಲ್ಲಿ ಸಾಹೇಬ್ರೇ?"

"ಸುಸ್ತು ಅಂತ ಮಲಗಿದಾರೆ ಕಣೋ," ಅಂದರು, ನನ್ನ ಬೆನ್ನು ತಟ್ಟಿ ಗೆರೆಯ ಕಡೆ ನೂಕುತ್ತಾ. "ನೀನು ಓಡು. ಅಷ್ಟೇ ಹೇಳಿದ್ದು ಅವರು. ಓಡು."

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಸೀರೆ ಬಿಸಿಲಿಗೆ ಹಾಕಿ ಅಷ್ಟು ಜಂಬ ಕೊಚ್ಚಿಕೊಂಡವಳು ಬರದೆ ಉಳಿದಳಲ್ಲ, ಊರಿಗೆ ಹೋಗಿ ವಿಚಾರಿಸಿಕೊಳ್ಳುತ್ತೇನೆ ಅಂದುಕೊಂಡೇ ಓಡಿದೆ. ಮೊದಲ ಸುತ್ತುಗಳಲ್ಲಿ ಹಿಂದೆಯೇ ಇದ್ದೆ. ಹಿಂದಿನ ವರ್ಷ ಕುಸಿದ ಜಾಗ ಬಂತು, ದಾಟಿಹೋಯಿತು, ಕಾಲು ನನ್ನ ಜೊತೆಗೇ ಇತ್ತು. ಆಮೇಲೆ ಒಬ್ಬೊಬ್ಬರೇ ಹಿಂದೆ ಬೀಳತೊಡಗಿದರು. ಪ್ರತಿ ಸುತ್ತಿನಲ್ಲೂ ಸಾಹೇಬರ ಕೂಗು ಕೇಳುತ್ತಿತ್ತು. "ಓಡೋ! ಬಿಡಬೇಡ ಮಾರಾಯ! ಓಡೋ!" ಕೊನೆಯ ಸುತ್ತಿನಲ್ಲಿ ಅವರ ಗಂಟಲು ಒಡೆದು ಬರೀ ಗಾಳಿ ಬರುತ್ತಿತ್ತು. ಎರಡನೆಯವನಾಗಿ ಬಂದೆ. ಎರಡನೆಯವನಾದರೆ ಸಾಕಿತ್ತು. ಮೈಸೂರು ಸಿಕ್ಕಿತ್ತು.

ಕುಣಿಯುತ್ತಾ ಹೋಗಿ ಅವರ ಕೈ ಹಿಡಿದೆಳೆದೆ. "ಬನ್ನಿ ಸಾಹೇಬ್ರೇ, ಇವತ್ತಿನ ಚಾ ನನ್ನದು." ಮೈದಾನದ ಹೊರಗೇ ಅಂಗಡಿಯಿತ್ತು. ಗ್ಲಾಸನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟರು.

"ಬೇಡ ಮಾರಾಯ."

"ನೀವು ಚಾ ಬೇಡ ಅನ್ನೋದಾ! ಹೋಗ್ಲಿ, ನೀರಾದ್ರೂ ಕುಡೀರಿ. ಗಂಟಲು ಹರ್ಕೊಂಡಿದೀರಲ್ಲ."

ಅವರ ತುಟಿ ಒಣಗಿ ಬಿಳಿಚಿಕೊಂಡಿತ್ತು. ನನ್ನ ಮುಖವನ್ನೇ ನೋಡುತ್ತಾ ಹೇಳಿದರು, "ನೀರೂ ಬೇಡ."

ಎಷ್ಟೋ ಅಂಗಳಗಳಲ್ಲಿ ನಿಂತು ನಾನೇ ಆಡಿದ ಮಾತು. ಯಾರು ಎಂದು ಕೇಳಬೇಕಾಗಿರಲಿಲ್ಲ. "ಎಷ್ಟೊತ್ತಿಗೆ?" ಎಂದಷ್ಟೇ ಕೇಳಿದೆ.

"ಕೋಳಿ ಕೂಗೋ ಹೊತ್ತಿಗೆ. ನಿದ್ದೇಲೇ. ನಾನು ಹೋದಾಗ ಸೀರೆ ತಲೆದೆಸೇಲಿ ಮಡಚಿ ಇಟ್ಟಿತ್ತು," ಎಂದು ನನಗಿಂತ ಮೊದಲು ಅವರೇ ಅತ್ತುಬಿಟ್ಟರು.

ಬರುವ ದಾರಿಯಲ್ಲಿ ಉಳಿದದ್ದನ್ನು ಹೇಳಿದರು. ನನಗೆ ಈಗಲೇ ತಿಳಿಸಬೇಕೆ ಎಂಬ ಮಾತು ಬಂದಾಗ ಅಪ್ಪ, "ಯಾರ ಮನೆ ಸಾವಾದ್ರೂ ಸರಿ ಅಂದಿದ್ಲು ನಮ್ಮವ್ವ. ಅದ್ರಲ್ಲಿ ನಮ್ಮನೇನೂ ಬಂತು. ಓಟ ಮುಗೀಲಿ," ಅಂದರಂತೆ. ಸಾಹೇಬರು ನಾನೇ ಹೇಳುತ್ತೇನೆ ಎಂದು ಹೊರಟವರು, ನಮ್ಮ ಮನೆಯಂಗಳದಿಂದ ಶುರುವಾಗಿ ಅಲ್ಲಿಯವರೆಗೆ ಬಾಯಿಗೆ ಏನೂ ಹಾಕಿರಲಿಲ್ಲ. ಅವರದ್ದಲ್ಲದ ಕಟ್ಟುಪಾಡು. ಅದನ್ನು ಪಾಲಿಸಿದ್ದಕ್ಕೇ ಅಲ್ಲವೇ ಅವತ್ತು ಅವರು ನನಗೆ ಅಷ್ಟು ಬೈದದ್ದು.

ಊರು ತಲುಪಿದಾಗ ಅಂಗಳದ ತುಂಬ ನೆಂಟರು. ಆಲೂರು ಕಡೆಯವರು, ಘಟ್ಟದಂಚಿನವರು, ಹೊಳೆಯಾಚೆಯವರು. ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಯಾರ ಯಾರ ಮನೆಯ ಸಾವನ್ನು ನಾನು ಹೊತ್ತು ಓಡಿದ್ದೆನೋ ಆ ಮನೆಗಳಿಂದೆಲ್ಲ ಒಬ್ಬೊಬ್ಬರು ಎದ್ದು, ಯಾರೂ ಹೇಳುವ ಮೊದಲೇ ಒಂದೊಂದು ದಾರಿ ಹಿಡಿದಿದ್ದರು. ಕಾಲು ಕೊಟ್ಟಿದ್ದಾನಲ್ಲ ಎಂದು ಅಜ್ಜಿಯಿಂದ ಅನ್ನಿಸಿಕೊಂಡ ಗೌಡರು ಎಲ್ಲಕ್ಕಿಂತ ದೂರದ ಊರಿಗೆ ಹೋಗಿದ್ದರು. ಕೆಸರು ಮೆತ್ತಿದ ಕಾಲಲ್ಲಿ ಜಗುಲಿಯ ಕೆಳಗೆ ಕೂತಿದ್ದವರು ನನ್ನನ್ನು ಕಂಡು, "ಏನಾಯ್ತಪ್ಪಾ ಓಟ?" ಅಂದರು. ಎರಡನೆಯವನಾದೆ ಅಂದೆ. "ಅಜ್ಜಿಗೆ ಹೇಳೋಗು," ಅಂದರು. ಹೋಗಿ ಅವಳ ಕಿವಿಯ ಹತ್ತಿರ ಹೇಳಿದೆ.

ಮೈಸೂರಿಗೂ ಹೋದೆ. ಅಲ್ಲಿ ನಾನು ಬಂದ ಸ್ಥಾನವನ್ನು ಹಿಂದಿನಿಂದ ಎಣಿಸಿದರೆ ಬೇಗ ಸಿಗುತ್ತದೆ. ಅದರ ಬಗ್ಗೆ ನನಗೆ ಯಾವ ಬೇಜಾರೂ ಇಲ್ಲ. ನನ್ನ ಕಾಲನ್ನು ನನಗೆ ಕೊಡಿಸಲು ಒಂದು ಊರೇ ನಡೆದಿತ್ತು. ಆ ಋಣ ದೊಡ್ಡದು, ಸಂತೋಷದಿಂದ ಹೊತ್ತುಕೊಂಡಿದ್ದೇನೆ.

ಅವತ್ತು ಮಣ್ಣು ಮಾಡಿ ಬಂದ ಮೇಲೆ ಸ್ನಾನಕ್ಕೆ ನೀರು ಕಾದಿತ್ತು. ಅಜ್ಜಿಯ ಒಟ್ಟಿಲು ಖಾಲಿ ಅಲ್ಲವೇ, ಅಕ್ಕಪಕ್ಕದವರೇ ಸೌದೆ ಹೊತ್ತು ತಂದಿದ್ದರು. ಅವ್ವ ಹಂಡೆಯ ಮೊದಲ ನೀರನ್ನು ತೋಡಿ ಸಾಹೇಬರನ್ನು ಕರೆದಳು. ಅವರು ಹಿಂದೆಮುಂದೆ ನೋಡಿದರು. "ಬನ್ನಿ ಅಣ್ಣಯ್ಯ. ಸುದ್ದಿ ತಂದೋರಿಗೆ ಮೊದ್ಲು," ಅಂದಳು. ಅವರು ಮಿಂದು, ಅಪ್ಪನ ಪಂಚೆ ಸುತ್ತಿಕೊಂಡು ಹೊರಗೆ ಬಂದರು. ಅವ್ವ ತಂಬಿಗೆ ಕೊಟ್ಟಳು. ಗಟಗಟನೆ ಅಷ್ಟೂ ನೀರು ಕುಡಿದು, ಇನ್ನೊಂದು ತಂಬಿಗೆ ಕೇಳಿದರು.